ಸೋನವ್ವ ಪೇಟಿ ಮುಟ್ಟದ ದಿನಗಳು

“ಆ ಸ್ಟೂಲಿನ ಮ್ಯಾಲ ಕೂಡಬ್ಯಾಡ್ರಿ, ಬಾಯಿ. ಅದು ಅಕ್ಕಾಸಾಹೇಬರು ಕೂಡತಿದ್ದ ಜಾಗಾ.”

ಆಬಾಸಾಹೇಬ ಇನಾಮದಾರರು ಹೇಳುವಷ್ಟರಲ್ಲಿ ಬೇಗಂಬಿ ಕೂತಾಗಿತ್ತು. ಒಮ್ಮೆ ಕೂತರೆ ಅವಳ ಎಡಮೊಣಕಾಲು ಸುಲಭಕ್ಕೆ ಏಳಗೊಡುತ್ತಿರಲಿಲ್ಲ. ಬೆಳಿಗ್ಗೆ ರಾಯಬಾಗದಲ್ಲಿ ಹತ್ತಿದ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ಅಥಣಿ ಮುಟ್ಟುವಾಗ ಅರ್ಧ ದಿನ ಮುಗಿದಿತ್ತು.

“ಏಳತೇನ್ರಿ,” ಎಂದಳು. ಏಳಲಿಲ್ಲ.

ಮೂವತ್ತೈದು ವರ್ಷ ಪೊಲೀಸ್ ನೌಕರಿ ಮಾಡಿ, ಹವಾಲ್ದಾರಳಾಗಿ ನಿವೃತ್ತಿಯಾದವಳು ಅವಳು. ಈಗ ಯಾರಾದರೂ ಕೈಮುಗಿದು ಕರೆದರೆ ಮಾತ್ರ ತನಿಖೆಗೆ ಹೊರಡುತ್ತಿದ್ದಳು. ಈ ಸಲ ಕರೆದವಳು ಸುಂದರಾ, ಪೊಲೀಸರು ಒಳಗೆ ಹಾಕಿದ ನಿಲೇಶನ ತಾಯಿ. ಹೋದ ಶನಿವಾರ ಇನಾಮದಾರರ ಈ ವಾಡೆಯಿಂದ ಸಂಗೀತ ಬರೆದಿಟ್ಟ ಹಸಿರು ರಟ್ಟಿನ ಹಳೆಯ ವಹಿ ಕಳುವಾಯಿತೆಂದು ಫಿರ್ಯಾದಿ ಆಗಿತ್ತು. ನಿಪ್ಪಾಣಿಯ ಬ್ಯಾಂಡ್ ಕಂಪನಿಯೊಂದರಲ್ಲಿ ಕ್ಯಾಸಿಯೊ ಕೀಬೋರ್ಡ್ ನುಡಿಸುವ ನಿಲೇಶ ಐದು ದಿನದಿಂದ ಒಳಗಿದ್ದ.

ಬೇಗಂಬಿ ಪಿಯಾನೊದ ಮುಂದಿನ ಆ ಸ್ಟೂಲಿನ ಮುಚ್ಚಳದ ಅಂಚನ್ನು ಬೆರಳಿನಿಂದ ತಡವಿದಳು. ಕೆಳಗೆ ಪೆಟ್ಟಿಗೆಯಂಥ ಜಾಗವಿತ್ತು, ವಹಿ ಇರುತ್ತಿದ್ದದ್ದು ಅದರಲ್ಲೇ. ಬೀಗ ಒಡೆದಿರಲಿಲ್ಲ. ಬಂದ ಕೂಡಲೇ ಅವಳು ಅದನ್ನು ತೆಗೆಸಿ ನೋಡಿದ್ದಳು. ತಳಕ್ಕೆ ಹಾಸಿದ ಬಿಳಿ ಬಟ್ಟೆಗೆ ಒಂದು ಸುಕ್ಕೂ ಇರಲಿಲ್ಲ. ನುಸಿಗುಳಿಗೆಗಳು ಮೂಲೆಗೊಂದರಂತೆ ನಾಲ್ಕು ಕೂತಿದ್ದವು.

ತನ್ನ ನೌಕರಿಯಲ್ಲಿ ಅವಳು ನೂರಾರು ಕಳ್ಳರನ್ನು ಕಂಡಿದ್ದಳು. ವಹಿ ಎತ್ತಿಕೊಂಡ ಮೇಲೆ ನಿಂತು ಬಟ್ಟೆ ಸರಿಮಾಡಿ, ನುಸಿಗುಳಿಗೆ ಜೋಡಿಸಿಟ್ಟು ಹೋಗುವ ಕಳ್ಳನನ್ನು ಕಂಡಿರಲಿಲ್ಲ. ಅದು ತನ್ನ ಮನೆಯ ಸಾಮಾನನ್ನು ತಾನೇ ತೆಗೆದುಕೊಳ್ಳುವವನ ಕೈ.

ಆದರೆ ನುಸಿಗುಳಿಗೆ ತೋರಿಸಿ ಹುಡುಗನನ್ನು ಬಿಡಿಸಲು ಆಗುವುದಿಲ್ಲ.

ಮೇಜಿನ ಮೇಲೆ ಒಂದು ಹಾಳೆ ಇತ್ತು. ವಹಿಯಲ್ಲಿರುವ ನಲವತ್ತೊಂದು ಗತ್ತುಗಳು, ಎಂದರೆ ವಾದ್ಯದ ರಚನೆಗಳು, ಇನಾಮದಾರರ ಮನೆತನದ ಅಕ್ಕಾಸಾಹೇಬರು ಕಟ್ಟಿದವು, ತನ್ನ ಮುತ್ತಜ್ಜಿ ಸೋನವ್ವ ಅವನ್ನು ಈ ವಾಡೆಯಲ್ಲಿ ಕೇಳಿ ಕಲಿತವಳು ಮಾತ್ರ ಎಂದು ಸುಂದರಾ ಒಪ್ಪಿ ಹೆಬ್ಬೆಟ್ಟು ಒತ್ತಬೇಕಿತ್ತು. ಒತ್ತಿದರೆ ಆಬಾಸಾಹೇಬರು ಫಿರ್ಯಾದಿ ಹಿಂದೆಗೆದುಕೊಳ್ಳುವವರಿದ್ದರು. ಐದು ಗಂಟೆಗೆ ಪಿಎಸ್‌ಐ ಸಂಗ್ರಾಮ ಅದಕ್ಕೆಂದೇ ಬರುವವನಿದ್ದ. ಭಾನುವಾರ ಅಕ್ಕಾಸಾಹೇಬರ ಮೇಲಿನ ಪುಸ್ತಕದ ಬಿಡುಗಡೆ.

ಗಡಿಯಾರದಲ್ಲಿ ನಾಲ್ಕಾಗಿ ಐದು ನಿಮಿಷ.

“ಫಿರ್ಯಾದಿ ಹಿಂದಕ್ಕ ತಗೊಂಡ್ರ ವಹಿ ಎಲ್ಲಿ ಸಿಕ್ತು ಅಂತ ಬರಸ್ತೀರಿ?” ಎಂದು ಬೇಗಂಬಿ ಕೇಳಿದಳು.

“ಮನ್ಯಾಗ ಸಿಕ್ತು ಅಂತ ಬರಸೂದು. ಹುಡುಗ ಉಳದ್ರ ಸಾಕಲ್ಲ ನಿಮಗ?”

ಆಬಾಸಾಹೇಬರಿಗೆ ಎಪ್ಪತ್ತು ದಾಟಿತ್ತು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಸರಿಯಾಗಿ ನಿದ್ದೆ ಮಾಡದವರ ಹಾಗೆ ಕಣ್ಣಿನ ಕೆಳಗೆ ಚರ್ಮ ಜೋತುಬಿದ್ದಿತ್ತು. ಚಹಾ ತರಿಸಿದರು. ತಾವು ಮಾತ್ರ ಕುಡಿಯಲಿಲ್ಲ.

ಹಿಂದಿನಿಂದ ಪಾರಿಸ ಮಾಸ್ತರರು ಕೆಮ್ಮಿದರು. ಕಾಗವಾಡದ ಸಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಪುಸ್ತಕ ಬರೆದವರು ಅವರೇ. ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದಲ್ಲಿ ಅಚ್ಚಾದ ಹಾಳೆಗಳು. ಅವರು ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ.

“ಮಾಸ್ತರ್, ಹದಿನೇಳನೇದು ಒಮ್ಮೆ ನುಡಿಸಿ ತೋರಸ್ರಿ,” ಎಂದಳು ಬೇಗಂಬಿ. “ನಿಲೇಶ ನಿಪ್ಪಾಣಿ ಮದಿವ್ಯಾಗ ನುಡಸಿ ಸಿಕ್ಕೊಂಡದ್ದು ಅದ ಅಲ್ಲ?”

ಅವಳು ಎದ್ದು ಜಾಗ ಬಿಟ್ಟಳು. ಏಳುವಾಗ ಪಿಯಾನೊದ ಅಂಚು ಹಿಡಿಯಬೇಕಾಯಿತು.

ವಾಡೆಯವರು ಅದನ್ನು ದೊಡ್ಡ ಪೇಟಿ ಅನ್ನುತ್ತಿದ್ದರು. ಸಾವಿರದ ಎಂಟುನೂರ ಎಪ್ಪತ್ತರ ದಶಕದಲ್ಲಿ ಒಬ್ಬ ಇಂಗ್ರೇಜಿ ಅಧಿಕಾರಿ ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು. ಎರಡು ಚಕ್ಕಡಿ ಜೋಡಿಸಿ ಕಟ್ಟಿ, ಯಡೂರಿನ ಹತ್ತಿರ ಹೊಳೆ ದಾಟಿಸಿ ತಂದರಂತೆ. ಗೋವೆಯ ಒಬ್ಬ ಬ್ಯಾಂಡ್ ಮಾಸ್ತರನನ್ನು ಇಟ್ಟು ಮನೆಯ ಸೊಸೆ ಅಕ್ಕಾಸಾಹೇಬರಿಗೆ ಕಲಿಸಿದರು. ಆಗ ಅವರಿಗೆ ಹದಿನಾರು. ಒಬ್ಬಳೇ ಹೆಂಗಸು ಪರಗಂಡಸಿನ ಎದುರು ಕೂಡಬಾರದೆಂದು ಜೊತೆಗೆ ಕೂಡಿಸಿದ್ದು ಸೋನಿಯನ್ನು, ಮುಂದೆ ಸೋನವ್ವ ಅನಿಸಿಕೊಂಡವಳನ್ನು. ಕೊಕಟನೂರಿನಲ್ಲಿ ಎಲ್ಲಮ್ಮನಿಗೆ ಬಿಟ್ಟ ಹುಡುಗಿ, ವಾಡೆಯಲ್ಲಿ ಹಾಡಲು ಬರುತ್ತಿದ್ದವಳು. ಅವಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು.

ಇದನ್ನೆಲ್ಲ ಮಾಸ್ತರರು ಪುಸ್ತಕದಲ್ಲಿ ಬರೆದಿದ್ದರು. ಸೋನಿಯ ಹೆಸರು ಅದರಲ್ಲಿ ಎರಡು ಸಲ ಬಂದಿತ್ತು. ಎರಡೂ ಸಲ ‘ಸೇವಕಿ’ ಎಂದು.

ಮಾಸ್ತರರು ನುಡಿಸಿದರು. ಪಿಯಾನೊದ ಕೆಲವು ಮನೆಗಳು, ಬೆರಳಿಡುವ ಪಟ್ಟಿಗಳು, ಸತ್ತಿದ್ದವು. ಒತ್ತಿದರೆ ಕಟ್ಟಿಗೆಯ ಸಪ್ಪಳ ಮಾತ್ರ. ಆದರೂ ಗತ್ತು ಎದ್ದು ನಡೆಯಿತು. ಬಲಗೈ ಅವಸರವಿಲ್ಲದೆ ಅಲೆಯುತ್ತಿತ್ತು, ದಾರಿ ಗೊತ್ತಿರುವ ಎತ್ತಿನ ಹಾಗೆ. ಎಡಗೈ ಮಾತ್ರ ಒಂದೇ ಸುರವನ್ನು ಹಿಡಿದು, ಬಿಟ್ಟು, ತುಂಡು ತುಂಡಾಗಿ ಬಡಿಯುತ್ತಿತ್ತು.

ಬೇಗಂಬಿಗೆ ಸಂಗೀತ ತಿಳಿಯದು. ಆದರೆ ಆ ಎಡಗೈಯನ್ನು ಅವಳು ಎಲ್ಲೋ ಕೇಳಿದ್ದಳು. ಮಾಸ್ತರರು ಮುಗಿಸಿ ಕೈ ತೆಗೆದ ಮೇಲೂ ಅದು ಕಿವಿಯಲ್ಲಿ ಉಳಿಯಿತು.

“ಇದು ಚೌಡಕಿ ಅಲ್ಲೇನ್ರಿ ಮಾಸ್ತರ್?”

ಜೋಗತಿಯರು ಕಂಕುಳಲ್ಲಿ ಹಿಡಿದು ಒಂದೇ ತಂತಿಯನ್ನು ಮೀಟುವ ವಾದ್ಯ ಚೌಡಕಿ. ಪಿಯಾನೊದ ಮುಂದೆ ಕೂತ ಯಾರೋ ಎಡಗೈಯಿಂದ ಅದನ್ನೇ ಮೀಟಿದ್ದರು.

ಅದು ಕೇಳಿ ಕಲಿಯುವಂಥದ್ದು, ಅಕ್ಕಾಸಾಹೇಬರೂ ಸೋನಿಯ ಚೌಡಕಿ ಕೇಳಿಯೇ ಇದನ್ನು ಕಟ್ಟಿರಬಹುದು ಎಂದರು ಆಬಾಸಾಹೇಬರು. ಆ ಉತ್ತರ ಅವರು ಬಹಳ ಹಿಂದೆಯೇ ತಯಾರು ಮಾಡಿಟ್ಟುಕೊಂಡಿದ್ದರು. ಅದರಲ್ಲಿ ಸುಳ್ಳು ಹುಡುಕುವುದು ಕಷ್ಟವಿತ್ತು.

ಬೇಗಂಬಿ ಮಾಸ್ತರರಿಂದ ಅಚ್ಚಾದ ಹಾಳೆಗಳನ್ನು ಇಸಿದುಕೊಂಡಳು. ಪ್ರತಿ ಗತ್ತಿನ ಮೇಲೆ ಅಂಕಿ, ರಾಗ, ಶಕೆಯ ವರ್ಷ, ತಿಂಗಳು. ಅವಳು ಒಂದೊಂದೇ ಹಾಳೆ ತಿರುವಿದಳು. ಆಮೇಲೆ ಮಾಸ್ತರರ ಚೀಲದತ್ತ ಕೈ ಚಾಚಿ, ಅವರು ಮೊದಲು ಕೈಯಲ್ಲಿ ಬರೆದಿಟ್ಟ ಕರಡನ್ನು ಕೊಡುವಂತೆ ಕೇಳಿದಳು.

“ಅದ್ಯಾಕ?” ಎಂದರು ಆಬಾಸಾಹೇಬರು.

“ಬರದವರ ಕೈ ಒಮ್ಮೆ ನೋಡತೇನ್ರಿ. ಅಚ್ಚಿನ್ಯಾಗ ಮನಶ್ಯಾ ಕಾಣಂಗಿಲ್ಲ.”

ಮಾಸ್ತರರು ಆಬಾಸಾಹೇಬರನ್ನು ನೋಡಿದರು. ಆಮೇಲೆ, ಅದೇನೋ ನಿರ್ಧಾರವಾದವರಂತೆ, ಚೀಲದ ತಳದಿಂದ ದಾರ ಕಟ್ಟಿದ ಕಟ್ಟು ತೆಗೆದು ಅವಳ ಕೈಗೆ ಕೊಟ್ಟರು.

ಹಸಿರು ವಹಿಯನ್ನು ವಾಡೆಯ ಕಾರಕೂನನೊಬ್ಬ ಮೋಡಿ ಎಂಬ ಹಳೆಯ ಮರಾಠಿ ಲಿಪಿಯಲ್ಲಿ ಬರೆದಿದ್ದ. ಹೇಳಿದವರು ಯಾರೋ, ಬರೆದುಕೊಂಡವನು ಅವನು. ಹಾಗಾಗಿ ಅಕ್ಷರ ನೋಡಿ ಯಾರದೆಂದು ಹೇಳುವಂತಿರಲಿಲ್ಲ. ಮೋಡಿ ಬಲ್ಲ ಮಾಸ್ತರರು ಅದನ್ನು ಕನ್ನಡಕ್ಕೆ ಇಳಿಸಿದ್ದರು, ಒಂದು ಚುಕ್ಕೆ ಬಿಡದೆ. ಕರಡಿನಲ್ಲಿ ಶಕೆ ಇತ್ತು, ತಿಂಗಳು ಇತ್ತು, ತಿಥಿ ಇತ್ತು. ತಿಥಿಯ ಪಕ್ಕದಲ್ಲಿ ವಾರವೂ ಇತ್ತು.

ಅಚ್ಚಿನಲ್ಲಿ ತಿಥಿ ವಾರಗಳೆರಡೂ ಇರಲಿಲ್ಲ.

ಕರಡಿನಲ್ಲಿ ಪ್ರತಿ ತಿಥಿ, ವಾರದ ಮೇಲೂ ಕೆಂಪು ಶಾಯಿಯ ಗೆರೆ ಎಳೆದಿತ್ತು. ಮಾಸ್ತರರ ಪೆನ್ನು ನೀಲಿ.

ಬೇಗಂಬಿ ಕನ್ನಡಕ ಒರೆಸಿಕೊಂಡು ಮೊದಲಿನಿಂದ ಶುರುಮಾಡಿದಳು. ಠಾಣೆಯಲ್ಲಿ ಹಾಜರಿ ಪುಸ್ತಕ ನೋಡುವಾಗ ಅವಳದೊಂದು ರೂಢಿ ಇತ್ತು. ಯಾರು ಬಂದರು ಎಂದು ಎಲ್ಲರೂ ನೋಡುತ್ತಾರೆ. ಅವಳು ನೋಡುತ್ತಿದ್ದುದು ಯಾರು ಯಾವತ್ತು ಬರಲಿಲ್ಲ ಎಂದು. ಹಾಳೆಯ ಹಿಂದೆ ವಾರಕ್ಕೊಂದು ಸಾಲು ಬರೆದು ಗೆರೆ ಹಾಕುತ್ತ ಹೋದಳು. ಸೋಮವಾರ ಒಂಬತ್ತು. ಬುಧವಾರ ಎಂಟು. ಗುರುವಾರ ಏಳು. ಶನಿವಾರ ಹತ್ತು. ರವಿವಾರ ಏಳು.

ಎರಡು ಸಾಲು ಖಾಲಿ ಉಳಿದವು.

ಅಷ್ಟರಲ್ಲಿ ಹೊರಗೆ ಪಡಸಾಲೆಯಲ್ಲಿ ಬಳೆಯ ಸದ್ದಾಯಿತು. ಸುಂದರಾ ಬಂದಿದ್ದಳು. ಐವತ್ತೇಳು ವರ್ಷದ ಹೆಂಗಸು, ಹಣೆಯ ತುಂಬ ಭಂಡಾರ, ಕೊರಳಲ್ಲಿ ಕವಡೆಸರ, ತಲೆಯ ಮೇಲೆ ಪಡ್ಡಲಗಿ. ಎಲ್ಲಮ್ಮನ ಮುಖವಿರುವ ಬಿದಿರಿನ ಬುಟ್ಟಿ ಅದು. ಇಂದು ಶುಕ್ರವಾರ. ಮಗ ಒಳಗಿದ್ದರೂ ದೇವಿಯ ಹೆಸರಿನಲ್ಲಿ ಐದು ಮನೆ ಬೇಡುವ ಜೋಗ ತಪ್ಪಿಸುವಂತಿಲ್ಲ. ಈ ವಾಡೆ ಅವಳ ಐದನೆಯ ಮನೆ, ಅವಳ ಮುತ್ತಜ್ಜಿಯ ಕಾಲದಿಂದಲೂ.

ಹೊಸ್ತಿಲ ಹೊರಗೆ ಪಡ್ಡಲಗಿ ಇಳಿಸಿ ಅದರ ಪಕ್ಕದಲ್ಲಿ ಕುಸಿದಳು. ಮುಖ ಬತ್ತಿತ್ತು.

“ಎಲ್ಲಿ ಒತ್ತೂದ್ರಿ ಧಣ್ಯಾರ?” ಎಂದಳು. ಹೆಬ್ಬೆಟ್ಟನ್ನು ಆಗಲೇ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಬೇಗಂಬಿ ಅವಳಿಗೆ ತಡೆಯಲು ಹೇಳಿದಳು. ಐದು ದಿನ ಅತ್ತ ಹೆಂಗಸಿಗೆ ಇನ್ನರ್ಧ ಗಂಟೆ ದೊಡ್ಡದೇ. ಸುಂದರಾ ತಲೆ ಅಲ್ಲಾಡಿಸಿ, ಮುತ್ತಜ್ಜಿ ಸತ್ತು ನೂರು ವರ್ಷವಾಯಿತು, ಅವಳಿಗೆ ಹೆಸರು ಇದ್ದರೇನು ಬಿಟ್ಟರೇನು, ತನ್ನ ಮಗನಿಗೆ ಇಪ್ಪತ್ತನಾಲ್ಕು, ಕಳ್ಳ ಅನಿಸಿಕೊಂಡು ಅವನು ಬಾಳಬೇಕಲ್ಲ ಎಂದಳು. ಬೇಗಂಬಿ ಒಂದೇ ಒಂದು ಪ್ರಶ್ನೆ ಕೇಳಿದಳು.

“ನಿಮ್ಮ ಮನ್ಯಾಗ ಮಂಗಳವಾರ, ಶುಕ್ರವಾರ ಹಾಡತೀರೇನವಾ?”

“ಹಾಡತೇವ್ರಿ. ಚೌಡಕಿ ಹಿಡಕೊಂಡು, ತಾಯಿ ಮುಂದ ಅಷ್ಟ.”

“ಬ್ಯಾರೆ ವಾದ್ಯ?”

“ಮುಟ್ಟಂಗಿಲ್ರಿ. ನಮ್ಮ ಆಯಿ ಆ ಎರಡು ದಿನ ಮನ್ಯಾಗಿನ ಹಾರ್ಮೋನಿಯಂ ಪೇಟಿ ಮ್ಯಾಲ ಅರಬಿ ಮುಚ್ಚತಿದ್ಲು. ನಿಲ್ಯಾಗೂ ಹಂಗ ಹೇಳೇನಿ. ಶುಕ್ರವಾರ ಮದಿವಿ ಬಂದ್ರ ಬ್ಯಾಂಡಿನವರು ಬ್ಯಾರೆಯವರನ ಕರಕೋತಾರ್ರಿ. ನಗತಾರು ಅವಗ.”

ಬೇಗಂಬಿ ಹಾಳೆಯನ್ನು ತಿರುಗಿಸಿ ಆಬಾಸಾಹೇಬರ ಮುಂದೆ, ಹೆಬ್ಬೆಟ್ಟಿನ ಹಾಳೆಯ ಪಕ್ಕ ಇಟ್ಟಳು.

“ಹನ್ನೊಂದು ವರ್ಷ, ನಲವತ್ತೊಂದು ಗತ್ತು. ಒಂದಾದ್ರೂ ಮಂಗಳವಾರ ಇಲ್ಲ, ಶುಕ್ರವಾರ ಇಲ್ಲ. ಅಕ್ಕಾಸಾಹೇಬ್ರಿಗೆ ಆ ದಿನ ಏನಾಗತಿತ್ರಿ?”

ಅವರು ಹಾಳೆ ನೋಡಲಿಲ್ಲ. ಕಲಿಸುವ ಮಾಸ್ತರ ಆ ದಿನ ಬರುತ್ತಿರಲಿಲ್ಲ ಎಂದರು.

“ಗೋವಾ ಕಿರಸ್ತಾನ. ಅಂವ ಸೂಟಿ ಮಾಡಿದ್ರ ರವಿವಾರ ಮಾಡಬೇಕು. ರವಿವಾರ ಏಳು ಅದಾವ.”

“ಮನಿ ದೇವರ ವಾರ ಇರತಾವ.”

“ನಿಮ್ಮ ಮನಿ ದೇವರು ಯಡೂರ ವೀರಭದ್ರ. ಸೋಮವಾರ. ಸೋಮವಾರ ಒಂಬತ್ತು ಅದಾವ್ರಿ, ಸಾಹೇಬ್ರ.” ಬೇಗಂಬಿ ಗದರಿಸಲಿಲ್ಲ. ಗದರಿಸುವ ಶಕ್ತಿಯೂ ಇರಲಿಲ್ಲ. “ಆ ಎರಡು ದಿನ ಪೇಟಿ ಬಿಟ್ಟು ಬುಟ್ಟಿ ಹೊತ್ತು ಐದು ಮನಿ ತಿರಗಾಕ ಹೋಗಾಕಿ ಈ ವಾಡೇದಾಗ ಒಬ್ಬಾಕೀನ ಇದ್ಲು. ಅದು ನಿಮಗೂ ಗೊತ್ತಿತ್ತು. ಇಲ್ಲಾಂದ್ರ ಆ ಕೆಂಪ ಗೆರಿ ಯಾಕ ಹೊಡೀತಿದ್ರಿ?”

ಮಾಸ್ತರರು ನೆಲ ನೋಡುತ್ತಲೇ, ಗೆರೆ ಹೊಡೆದದ್ದು ಧಣಿಗಳು, ಹೋದ ತಿಂಗಳು, ತನ್ನೆದುರಿಗೇ ಎಂದು ಹೇಳಿದರು. ಯಾಕೆಂದು ಕೇಳಲು ತನಗೆ ಧೈರ್ಯವಾಗಲಿಲ್ಲವೆಂದೂ ಸೇರಿಸಿದರು. ಅಷ್ಟು ಹೇಳಿ ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಹಿತ್ತಲಲ್ಲಿ ಯಾರೋ ಕೊಡ ತೊಳೆಯುತ್ತಿದ್ದರು.

ಆಬಾಸಾಹೇಬರು ಕುರ್ಚಿಯ ಕೈ ಹಿಡಿದು ಎದ್ದರು, ಕಿಟಕಿಯ ತನಕ ಹೋಗಿ ತಿರುಗಿ ಬಂದರು. ಅವರು ಹೇಳಿದ್ದು ಒಂದು ರೀತಿಯಲ್ಲಿ ನಿಜವೇ ಇತ್ತು. ಇನಾಮದಾರರೆಂದರೆ ಈ ಸುತ್ತಿನ ಹಳ್ಳಿಗಳಲ್ಲಿ ಚಾವಟಿ, ಬಿಟ್ಟಿ ಚಾಕರಿ, ಹೆಣ್ಣುಮಕ್ಕಳ ಕಣ್ಣೀರು ಇಷ್ಟೇ ಜನರ ನೆನಪು. ಒಂದು ಒಳ್ಳೆಯ ಮಾತಿಲ್ಲ. ಗಂಡ ಸತ್ತು, ತಲೆ ಬೋಳಿಸಿಕೊಂಡು, ಹದಿನೆಂಟಕ್ಕೇ ಕೋಣೆ ಸೇರಿದ ಹುಡುಗಿಯೊಬ್ಬಳು ಪಿಯಾನೊ ನುಡಿಸಿ ಬದುಕಿದಳು ಎಂಬುದೊಂದಾದರೂ ಉಳಿಯಲಿ ಎಂದು ಅವರಿಗೆ ಆಸೆ.

“ನುಡಸ್ತಿದ್ಲು ಆಕಿ. ಅದು ಖರೇ ಐತಿ, ಬಾಯಿ,” ಎಂದರು. “ಇಬ್ಬರೂ ನುಡಸ್ತಿದ್ರು.”

“ಇಬ್ಬರ ಹೆಸರು ಹಾಕ್ರಿ ಮತ್ತ.”

“ಹಾಕಿದ್ರ ಜನ ಏನಂತಾರ? ಅಕ್ಕಾಸಾಹೇಬ್ರು ನುಡಸಿದ್ದು, ಕಟ್ಟಿದ್ದು ಜೋಗತಿ ಅಂತಾರ. ಇದೂ ನಿಮ್ಮದಲ್ಲ ಅಂತಾರ.” ಅವರು ಮತ್ತೆ ಕೂತರು. “ವಾರ ನೋಡಿ ಕೋರ್ಟು ಹುಡುಗನ್ನ ಬಿಡಂಗಿಲ್ಲ. ಐದಕ್ಕ ಪಿಎಸ್‌ಐ ಬರತಾನ. ಹೆಬ್ಬೆಟ್ಟು ಇದ್ರ ಹುಡುಗ ಇವತ್ತ ಮನಿಗೆ. ಇಲ್ಲಾಂದ್ರ ಇಲ್ಲ.”

ಬೇಗಂಬಿಗೆ ಗೊತ್ತಿತ್ತು, ಅವರ ಮಾತು ಸರಿ. ಗತ್ತು ಯಾರದೆಂದು ಅವಳು ತೋರಿಸಿದ್ದಳು. ವಹಿ ಎಲ್ಲಿದೆ ಎಂದು ತೋರಿಸಿರಲಿಲ್ಲ.

ಅವಳು ಸುಂದರಾಳನ್ನು ನೋಡಿದಳು. ಸುಂದರಾ ಈ ಮಾತು ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಅವಳ ಕಣ್ಣು ಪಿಯಾನೊದ ಕೆಳಭಾಗದ ಮೇಲಿತ್ತು, ಕಾಲಿಡುವ ಹಿತ್ತಾಳೆಯ ಮೆಟ್ಟುಗಳ ಹಿಂದಿನ ಹಲಗೆಯ ಮೇಲೆ.

“ನಾನ ತಗೊಂಡೇನ್ರಿ,” ಎಂದಳು ಸುಂದರಾ.

ಯಾರಿಗೂ ಮೊದಲು ಅರ್ಥವಾಗಲಿಲ್ಲ.

“ವಹಿ ನಾನ ಒಯ್ದೇನಿ. ಹೋದ ಶುಕ್ರವಾರ, ಜೋಗಕ್ಕ ಬಂದಾಗ. ನನ್ನ ಮಗಾಗ ಏನೂ ಗೊತ್ತಿಲ್ರಿ. ಅವನ್ನ ಬಿಡ್ರಿ. ನನ್ನ ಒಯ್ರಿ.”

ಬೇಗಂಬಿ ಆಬಾಸಾಹೇಬರ ಮುಖ ನೋಡುತ್ತಿದ್ದಳು. ಕಳವಾದ ಮನೆಯವನು ಕಳ್ಳ ಸಿಕ್ಕಾಗ ಏನು ಮಾಡುತ್ತಾನೆ ಎಂದು ಅವಳಿಗೆ ಬಾಯಿಪಾಠ. ಬೈಯುತ್ತಾನೆ, ಹೊಡೆಯಲು ಹೋಗುತ್ತಾನೆ, ಸಾಮಾನು ಎಲ್ಲಿ ಎನ್ನುತ್ತಾನೆ.

ಆಬಾಸಾಹೇಬರು ಮರುಕದಿಂದ ತಲೆ ಅಲ್ಲಾಡಿಸಿದರು.

“ಮಗನ ಸಲುವಾಗಿ ಸುಳ್ಳ ಹೇಳಬ್ಯಾಡ, ಸುಂದ್ರಾ. ನೀ ಒಯ್ದಿಲ್ಲ.”

“ಅಷ್ಟು ಖಾತ್ರಿಲೆ ಹ್ಯಾಂಗ ಹೇಳತೀರಿ?” ಎಂದು ಬೇಗಂಬಿ ಮೆಲ್ಲಗೆ ಕೇಳಿದಳು. “ಯಾರು ಒಯ್ದಿಲ್ಲ ಅಂತ ಖಾತ್ರಿ ಇರೂದು, ವಹಿ ಎಲ್ಲೈತಿ ಅಂತ ಗೊತ್ತಿದ್ದವರಿಗಷ್ಟ.”

ಆಬಾಸಾಹೇಬರ ಕೈ ತಾನಾಗಿ ಸೊಂಟದ ಕೀಲಿಗೊಂಚಲಿಗೆ ಹೋಯಿತು. ಮಾಸ್ತರರೂ ಅದನ್ನು ನೋಡಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆ ಕೀಲಿಯಿಂದ ಅವರ ಕಪಾಟು ತೆಗೆಸಿದ್ದರೆ ಹಸಿರು ವಹಿ ಸಿಕ್ಕು ಹುಡುಗ ಸಂಜೆಯೊಳಗೆ ಮನೆಯಲ್ಲಿರುತ್ತಿದ್ದ.

ಆದರೆ ಸುಂದರಾ ಸುಳ್ಳು ಹೇಳಿರಲಿಲ್ಲ. ಯಾರೂ ನಂಬದಿದ್ದದ್ದಕ್ಕೆ ಅವಳು ಪಡ್ಡಲಗಿಗೆ ಕೈಮುಗಿದು, ಹಸಿರು ಖಣ ಸರಿಸಿ, ದೇವಿಯ ಮುಖದ ಹಿಂದೆ ಕೈ ಹಾಕಿದಳು. ಎಣ್ಣೆಬಟ್ಟೆಯಲ್ಲಿ ಸುತ್ತಿದ ಗಂಟು ತೆಗೆದು ಹೊಸ್ತಿಲ ಮೇಲೆ ಇಟ್ಟಳು.

ಪೊಲೀಸರು ಅವಳ ಮನೆ ಜಾಲಾಡಿದ್ದರು. ಹಿಟ್ಟಿನ ಡಬ್ಬಿ ಸುರುವಿದ್ದರು, ಹಾಸಿಗೆ ಹರಿದಿದ್ದರು. ಜಗಲಿಯ ಮೇಲಿನ ಪಡ್ಡಲಗಿಯ ಮುಂದೆ ಬಂದು ಬೂಟು ಬಿಚ್ಚಿ ಕೈಮುಗಿದು ಹೋಗಿದ್ದರು. ಬೇಗಂಬಿಯೂ ಬುಧವಾರ ಅದೇ ಮನೆಯನ್ನು ಮೂಲೆ ಮೂಲೆ ನೋಡಿದ್ದಳು. ಅವಳೂ ಬುಟ್ಟಿಗೆ ಸೆರಗು ತಾಗದಂತೆ ಸುತ್ತಿ ಹೋಗಿದ್ದಳು. ಬೇರೆಯವರ ದೇವರೆಂದು ಇಟ್ಟುಕೊಂಡ ಮರ್ಯಾದೆ. ಮೂವತ್ತೈದು ವರ್ಷದ ಅನುಭವ ಆ ಮರ್ಯಾದೆಯ ಮುಂದೆ ಕುರುಡಾಗಿತ್ತು.

ಅವಳು ಗಂಟು ಬಿಚ್ಚಿದಳು. ಕಂದು ಬಣ್ಣದ, ಅಂಗೈ ಅಗಲದ ವಹಿ. ರಟ್ಟಿನ ಮೂಲೆಗಳನ್ನು ಇಲಿ ಕಡಿದಿತ್ತು.

“ಇದು ನಂದಲ್ಲ,” ಎಂದರು ಆಬಾಸಾಹೇಬರು. ಅವರ ಧ್ವನಿ ಒಣಗಿತ್ತು. “ಇಂಥಾದ್ದು ನಾ ನೋಡೇ ಇಲ್ಲ. ಎಲ್ಲಿತ್ತಿದು?”

ಸುಂದರಾ ಪಿಯಾನೊದ ಹಲಗೆಯತ್ತ ಬೆರಳು ಮಾಡಿದಳು. ದೊಡ್ಡ ಪೇಟಿಯ ಹೊಟ್ಟೆಯಲ್ಲಿ ನಿನ್ನ ಮುತ್ತಜ್ಜಿಯ ಗಂಟಿದೆ, ಕೆಳಗಿನ ಹಲಗೆಯ ಚಿಲಕ ಮೇಲಕ್ಕೆ ಒತ್ತಿದರೆ ಬರುತ್ತದೆ ಎಂದು ಅವಳ ಆಯಿ ಸಾಯುವ ಮುಂಚೆ ಹೇಳಿದ್ದಳಂತೆ. ಇಪ್ಪತ್ತು ವರ್ಷ ಪ್ರತಿ ಶುಕ್ರವಾರ ಈ ಹೊಸ್ತಿಲಲ್ಲಿ ಕೂತು ಅವಳು ಆ ಹಲಗೆ ನೋಡಿದ್ದಳು. ಹೋದ ವಾರ ಅಕ್ಕಾಸಾಹೇಬರ ಪುಸ್ತಕದ ಸುದ್ದಿ ಕೇಳಿದ ಮೇಲೆ ತಡೆಯಲಾಗಲಿಲ್ಲ. ಜೋಗದ ಜೋಳ ತರಲು ಮನೆಯವರು ಒಳಗೆ ಹೋದಾಗ ಎದ್ದು ಬಂದಳು. ಮರುದಿನ ವಾಡೆಯಲ್ಲಿ ವಹಿ ಕಳುವಾಯಿತು ಎಂದು ಡಂಗುರವಾದಾಗ ಅದು ಇದೇ ವಹಿ ಎಂದುಕೊಂಡಳು. ಎರಡನೆಯದೊಂದು ಇದೆಯೆಂದು ಅವಳಿಗೆ ತಿಳಿದಿರಲಿಲ್ಲ. ತಾನು ಒಯ್ದದ್ದಕ್ಕೆ ಮಗ ಒಳಗಿದ್ದಾನೆ ಎಂದೇ ಐದು ದಿನ ಅನ್ನ ಬಿಟ್ಟಿದ್ದಳು.

ಬೇಗಂಬಿ ಮೊದಲ ಹಾಳೆ ತೆಗೆದಳು. ಮೋಡಿಯಲ್ಲ, ಕನ್ನಡ. ಕಲಿತ ಕೈಯಲ್ಲ. ಒಂದೊಂದು ಅಕ್ಷರವೂ ಬೇರೆ ಬೇರೆ ದಿನ ಬರೆದಂತೆ ಸೊಟ್ಟಗೆ, ದಪ್ಪಗೆ. ಅವಳು ಕಷ್ಟಪಟ್ಟು ಓದಿದಳು.

‘ಇದನ್ನ ಸೋನಿ ತನ್ನ ಕೈಲೆ ಬರದಾಳ. ಅಕ್ಷರ ಅಕ್ಕಾಸಾಹೇಬ ಕಲಿಸ್ಯಾಳ. ಪೇಟಿ ಇಬ್ಬರದು. ಗತ್ತು ನಂದು.’

ಕೆಳಗೆ ಶಕೆ ಇತ್ತು. ಮಾಸ್ತರರು ಬಗ್ಗಿ ನೋಡಿ, ಬಾಯಿಯಲ್ಲೇ ಲೆಕ್ಕ ಹಾಕಿ, ಇದು ಅಕ್ಕಾಸಾಹೇಬರು ತೀರಿಕೊಂಡ ಮೂರು ವರ್ಷದ ಮೇಲಿನದು ಎಂದರು. ಹಾಳೆಗಳನ್ನು ತಿರುವುತ್ತ ಹೋದರು. ನಲವತ್ತೊಂದರ ಮುಂದಿನವು. ನಲವತ್ತೆರಡು, ನಲವತ್ತಮೂರು. ಅರವತ್ತರ ತನಕ. ಗೆಳತಿ ಸತ್ತ ಮೇಲೂ ಸೋನವ್ವ ಈ ಮನೆಗೆ ಬಂದು, ಯಾರಿಗೂ ಹೇಳದೆ, ಯಾರೂ ಕೇಳದ ಸಂಗೀತ ಕಟ್ಟಿದ್ದಳು. ಮಾಸ್ತರರ ಕಣ್ಣು ತುಂಬಿ ಅಕ್ಷರ ಕಾಣದಾದವು. ಕನ್ನಡಕ ತೆಗೆದರು.

ಬಾಗಿಲಲ್ಲಿ ಜೀಪು ನಿಂತಿತು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಸಂಗ್ರಾಮ ಒಳಗೆ ಬಂದು ಎಲ್ಲರ ಮುಖ ನೋಡಿದ. ಹೊಸ್ತಿಲ ಮೇಲಿನ ಎಣ್ಣೆಬಟ್ಟೆ ನೋಡಿದ. ಮೂವತ್ತರ ಆಸುಪಾಸಿನ ಅಧಿಕಾರಿ, ಕೆಟ್ಟವನಲ್ಲ.

ಮೊದಲು ಮಾತಾಡಿದವರು ಆಬಾಸಾಹೇಬರು. ಅಷ್ಟು ಹೊತ್ತಿಗೆ ಅವರು ತಮ್ಮನ್ನು ಸಾವರಿಸಿಕೊಂಡಿದ್ದರು.

“ನನ್ನ ಹಸರ ವಹಿ ಇನ್ನೂ ಸಿಕ್ಕಿಲ್ಲ, ಸಾಹೇಬ. ಆ ಕೇಸ್ ಹಂಗ ಇರಲಿ. ಇದು ಎರಡನೇ ಕಳವು. ನನ್ನ ಮನಿ, ನನ್ನ ಪೇಟಿ, ಅದರಾಗಿನ ಸಾಮಾನು ನಂದು. ತಗೊಂಡಾಕಿ ತಾನ ಒಪ್ಪಿಕೊಂಡಾಳ.”

ಬೇಗಂಬಿ ಕೀಲಿಗೊಂಚಲಿನ ಮಾತೆತ್ತಿದಳು, ಕಪಾಟು ತೆಗೆಸಲು ಹೇಳಿದಳು. ಸಂಗ್ರಾಮ ತಲೆ ಕೆರೆದುಕೊಂಡ. ಫಿರ್ಯಾದಿದಾರನ ಕಪಾಟು ತೆಗೆಸಲು ತನಗೆ ಮೇಲಿನವರ ಅಪ್ಪಣೆ ಬೇಕು, ನಾಳೆ ಕೇಳುತ್ತೇನೆ ಎಂದ. ನಾಳೆಯೊಳಗೆ ಆ ಕಪಾಟಿನಲ್ಲಿ ಏನೂ ಇರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಈಗ ತನ್ನ ಕಣ್ಣೆದುರಿಗೆ ಇರುವುದು ಇದೊಂದೇ, ಇದರ ಪಂಚನಾಮೆ ಮಾಡುತ್ತೇನೆ ಎಂದು ಕಾಗದ ತೆಗೆದ.

ಅವನು ನಿಂತಲ್ಲೇ ಬರೆದ. ಕಂದು ವಹಿ ಒಂದು. ಹಾಳೆ ಎಷ್ಟು, ಮೊದಲ ಹಾಳೆಯಲ್ಲಿ ಏನು ಬರೆದಿದೆ, ಯಾರ ಬುಟ್ಟಿಯಿಂದ ಯಾರ ಕೈಯಿಂದ ಯಾರೆದುರು ಹೊರಬಂತು. ಮಾಸ್ತರರು ಪಂಚರಾಗಿ ಸಹಿ ಹಾಕಿದರು. ಪಂಚರು ಇಬ್ಬರು ಬೇಕು. ಸಂಗ್ರಾಮ ಪೆನ್ನನ್ನು ಬೇಗಂಬಿಗೆ ಚಾಚಿದ.

“ನೀವೊಂದು ಸಹಿ ಮಾಡ್ರಿ, ಅವ್ವಾರ. ನೀವು ಕಂಡದ್ದಷ್ಟ ಬರದೇನಿ.”

ಅವನು ಒಂದಕ್ಷರವನ್ನೂ ಸುಳ್ಳು ಬರೆದಿರಲಿಲ್ಲ.

ಬೇಗಂಬಿ ಪೆನ್ನು ಹಿಡಿದು ನಿಂತಳು. ಇಂಥ ಕಾಗದಗಳನ್ನು ಅವಳು ಸಾವಿರ ಕಂಡ ಹೆಂಗಸು. ಸಹಿ ಹಾಕಿದರೆ ವಹಿ ಸರಕಾರದ ದಾಖಲೆಗೆ ಸೇರುತ್ತದೆ. ಸೋನವ್ವನ ಆ ನಾಲ್ಕು ಮಾತು ಪಂಚನಾಮೆಯಲ್ಲಿ ಉಳಿಯುತ್ತದೆ, ಮುಂದೆ ಯಾವ ಕೆಂಪು ಶಾಯಿಯೂ ಅದನ್ನು ಹೊಡೆದುಹಾಕಲಾಗದು. ಮತ್ತು ಸುಂದರಾ ಇವತ್ತು ರಾತ್ರಿ ಠಾಣೆಯಲ್ಲಿ ಮಲಗುತ್ತಾಳೆ, ಮಗ ಇರುವ ಕೋಣೆಯ ಪಕ್ಕದ ಕೋಣೆಯಲ್ಲಿ.

ಸಹಿ ಹಾಕದಿದ್ದರೆ ಕಾಗದ ನಿಲ್ಲುವುದಿಲ್ಲ. ಸುಂದರಾ ಮನೆಗೆ ಹೋಗುತ್ತಾಳೆ. ವಹಿ ಮನೆಯ ಯಜಮಾನನ ಕೈಗೆ ಹೋಗುತ್ತದೆ.

ಆಬಾಸಾಹೇಬರು ಅವಳ ಕಡೆ ನೋಡುತ್ತಿರಲಿಲ್ಲ. ಅವರ ಕಣ್ಣು ವಹಿಯ ಮೇಲಿತ್ತು.

“ಹಾಕ್ರಿ ಅಕ್ಕಾರ,” ಎಂದಳು ಸುಂದರಾ ಹೊಸ್ತಿಲಿನಿಂದ. ಅವಳ ದನಿ ಸಣ್ಣದಾಗಿತ್ತು, ಸ್ಥಿರವಾಗಿತ್ತು. “ಹೆಬ್ಬೆಟ್ಟು ಒತ್ತಾಕ ಬಂದಾಕಿ ನಾ. ಆದ್ರ ಆಕಿ ತನ್ನ ಕೈಲೆ ಬರದಿದ್ದು ನೀವು ಓದಿದ್ರಲ್ಲ, ಅದನ್ನ ಕೇಳಿದ ಮ್ಯಾಲ ನನಗ ಒತ್ತಾಕ ಆಗವಲ್ದು. ನನ್ನ ಮಗನ್ನ ನೀವು ನೋಡಕೋರಿ.”

ಆಬಾಸಾಹೇಬರು ವಹಿಯತ್ತ ಕೈ ಚಾಚಿದರು. ಮಾಸ್ತರರು ಅದನ್ನು ಎದೆಗೆ ಅವುಚಿಕೊಂಡು ಗೋಡೆಯ ತನಕ ಹಿಂದೆ ಸರಿದರು.

“ಯಾರರ ಒಬ್ಬರು ಲಗೂ ಹೇಳ್ರಿ,” ಎಂದ ಸಂಗ್ರಾಮ. “ಇದನ್ನ ನಾ ಯಾರ ಕೈಯಾಗ ಕೊಡೂದು?”

ಬೇಗಂಬಿ ಪಂಚನಾಮೆಯ ಹಾಳೆ ಎಳೆದುಕೊಂಡು, ಮಾಸ್ತರರ ಸಹಿಯ ಕೆಳಗೆ ಪೆನ್ನು ಊರಿದಳು.